ಮೆಣಸು ಆರಿಸುವವರ ಮುಂದೆ ಕಾದಂಬರಿ ತಿದ್ದಿದ ಬಗೆ

ತೋಟದ ಕೂಲಿ ಹೆಂಗಸರ ಮುಂದೆ ಓದಿ ತಿದ್ದಿದ ನನ್ನ ಆರನೆಯ ಕಾದಂಬರಿಯ ಸಾವಿರ ಪ್ರತಿಗಳು ಒಂದೂವರೆ ವರ್ಷದೊಳಗೆ ಖಾಲಿಯಾದವು. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿ ಕೈಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ಕೂಲಿ ಕೊಟ್ಟು ಕಥೆ ಕೇಳಿಸುವ ಹುಚ್ಚಿ ಎಂದು ನಕ್ಕವರೂ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಸಣ್ಣ ತೋಟದಲ್ಲಿ ಕಾಳುಮೆಣಸು ಕೊಯ್ದು ಒಣಗಿಸಿದ ಮೇಲೆ ಐದಾರು ಹೆಂಗಸರು ಜಗಲಿಯಲ್ಲಿ ಕುಳಿತು ದಂಟು, ಜೊಳ್ಳು, ಕಲ್ಲು ಆರಿಸುತ್ತಾರೆ. ಅವರೆದುರು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತೇನೆ. ಹೇಗಿದೆ ಎಂದು ಕೇಳುವುದಿಲ್ಲ. ಸಂಬಳ ಕೊಡುವವಳ ಕಥೆಯನ್ನು ಯಾರು ತೆಗಳುತ್ತಾರೆ? ಮೊರದ ಮೇಲಿನ ಕೈಗಳನ್ನಷ್ಟೇ ನೋಡುತ್ತೇನೆ. ಕೈ ನಿಂತ ಸಾಲಿನ ಪಕ್ಕ ಪೆನ್ಸಿಲಿನ ಗೀಟು ಬೀಳುತ್ತದೆ. ಸಂಜೆ ತೂಕ ಹಾಕಿದಾಗ ಮೆಣಸು ಕಡಿಮೆ ಬಂದರೆ ಅಧ್ಯಾಯ ಗೆದ್ದಿತು. ಕೂಲಿ ತಲೆಗೆ 450 ರೂಪಾಯಿಯ ಆಸುಪಾಸು. ಒಳ್ಳೆಯ ಅಧ್ಯಾಯವಾದಷ್ಟೂ ತೋಟಕ್ಕೆ ನಷ್ಟ ಎಂಬ ಈ ಲೆಕ್ಕ ನಮ್ಮ ಯಜಮಾನರಿಗೆ ಇವತ್ತಿಗೂ ಹಿಡಿಸಿಲ್ಲ.

ನಾಯಕಿ ತವರಿಗೆ ಬರೆಯುವ ಮೂರು ಪುಟದ ಕಾಗದ ನನಗೆ ಬಹಳ ಪ್ರಿಯವಾಗಿತ್ತು. ಓದುತ್ತ ಹೋದೆ, ಮೊರಗಳು ಸರಸರನೆ ಆಡುತ್ತಲೇ ಇದ್ದವು. ಮುಂದೆ, ಅವಳು ಬಸ್ಸಿನ ಖರ್ಚಿಗೆಂದು ಗಂಡನ ಜೇಬಿನಿಂದ ನೂರರ ನೋಟು ತೆಗೆಯುವ ಒಂದೇ ಒಂದು ಸಾಲಿಗೆ ಎಲ್ಲರ ಕೈಯೂ ನಿಂತಿತು. "ಮಿಕ್ಕ ದುಡ್ಡು ಅಲ್ಲೇ ಇಟ್ಟಳೇ ಅಕ್ಕಾ?" ಎಂದು ಪಿರಿಯಾಪಟ್ಟಣದ ಕಡೆಯವಳೊಬ್ಬಳು ಕೇಳಿದಳು. ಕಾಗದವನ್ನು ತೆಗೆದುಹಾಕಿದೆ. ಜೇಬಿನ ಪ್ರಸಂಗ ಒಂದಿಡೀ ಅಧ್ಯಾಯವಾಯಿತು. ಕೈ ನಿಂತ ಸಾಲಿಗಿಂತ ಮುಂಚಿನದನ್ನು ಎಷ್ಟು ಕತ್ತರಿಸಬೇಕು ಎಂಬುದಕ್ಕೂ ನನ್ನದೊಂದು ಅಳತೆಯಿದೆ. ಅದು ನನ್ನಲ್ಲೇ ಇರಲಿ.

ಇದಕ್ಕೆ ಮೊದಲು ಹಸ್ತಪ್ರತಿಯನ್ನು ಬೆಂಗಳೂರಿನ ಮಿತ್ರರಿಗೆ ಕಳುಹಿಸುತ್ತಿದ್ದೆ. ಎಲ್ಲರಿಂದಲೂ "ಅದ್ಭುತ" ಎಂಬ ಉತ್ತರ. ಹಾಗೆ ಅದ್ಭುತವಾದ ನಾಲ್ಕನೆಯದನ್ನು, ಮೆಣಸು ಕಿಲೋಗೆ 700 ರೂಪಾಯಿಯ ಹತ್ತಿರ ಇದ್ದಾಗಿನ ಉಳಿತಾಯದಲ್ಲಿ ಅಚ್ಚು ಹಾಕಿಸಿದೆ. ಡೆಮಿ 1/8 ಅಳತೆ, ಹನ್ನೆರಡೋ ಹದಿಮೂರೋ ಫಾರಂ, ಅಂದರೆ ಇನ್ನೂರು ಪುಟದ ಆಸುಪಾಸು, ಸಾವಿರ ಪ್ರತಿಗೆ ಸುಮಾರು 65,000 ರೂಪಾಯಿ. ಮಾರಾಟಗಾರರು ನೂರಕ್ಕೆ ನಲವತ್ತು ಮುರಿದುಕೊಂಡರು, ಅರ್ಧದಷ್ಟು ಕಟ್ಟುಗಳು ಬಿಚ್ಚದೆಯೇ ವಾಪಸು ಬಂದವು. ಬರಬೇಕಾದ ಹಣ ಬರುವಷ್ಟರಲ್ಲಿ ಮೆಣಸು 300ರ ಆಸುಪಾಸಿಗೆ ಇಳಿದಿತ್ತು. ಅಟ್ಟದ ಮೇಲಿನ ಕಟ್ಟುಗಳಿಗೆ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಬೂಷ್ಟು ಹಿಡಿಯಿತು.

ಐದನೆಯದಕ್ಕೆ ಮಳೆಗಾಲದಲ್ಲೇ ಜನ ಸೇರಿಸಿ ಓದಿ ನೋಡಿದೆ. ಜಿಂಕ್ ಶೀಟಿನ ಸದ್ದಿಗೆ ನನ್ನ ಗಂಟಲು ಸೋತಿತು. ಅದಕ್ಕಿಂತ ಹೆಚ್ಚಾಗಿ, ಕೈಗೆ ಕೆಲಸವಿಲ್ಲದವರು ಸೌಜನ್ಯಕ್ಕೆ ತಲೆಯಾಡಿಸುತ್ತಾರೆ. ಕಾಫಿ ಕೊಯ್ಲಿನಲ್ಲಿ ಓದೋಣವೆಂದರೆ ಜನ ಸಾಲುಸಾಲಿಗೆ ಚದುರಿರುತ್ತಾರೆ. ಮೊಬೈಲಿನಲ್ಲಿ ಧ್ವನಿ ಹಿಡಿದು ಬಂಧುಗಳಿಗೆ ಕಳುಹಿಸಿದ್ದಕ್ಕೆ ಹೆಬ್ಬೆರಳಿನ ಚಿತ್ರಗಳು ಬಂದವು, ಅಷ್ಟೇ.

ಒಮ್ಮೆ ಕುತೂಹಲಕ್ಕೆ ಕಥೆಗಾರ್ತಿ ಕೊಡಗಿನ ಗೌರಮ್ಮನವರ ಕಥೆಯೊಂದನ್ನು ಜಗಲಿಯಲ್ಲಿ ಓದಿದೆ. 1912ರಲ್ಲಿ ಹುಟ್ಟಿ ಮೂವತ್ತು ತುಂಬುವ ಮೊದಲೇ ನೀರಿನಲ್ಲಿ ಮುಳುಗಿ ತೀರಿಕೊಂಡವರು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟದ್ದು ನಮ್ಮ ಪಕ್ಕದ ಗುಂಡುಗುಟ್ಟಿಯಲ್ಲೇ. ಅವರ ಕಥೆಗೆ ಮೊದಲ ಪುಟದಲ್ಲೇ ಕೈಗಳು ನಿಂತವು. ನನಗೆ ಹೊಟ್ಟೆಕಿಚ್ಚಾಯಿತು. ಅವರು ವರ್ಣನೆಗೆ ಕೂರುವುದೇ ಇಲ್ಲ, ನೇರವಾಗಿ ಒಂದು ಮನೆಯ ತಾಪತ್ರಯದೊಳಗೆ ಕಾಲಿಡುತ್ತಾರೆ. ಆಮೇಲೆ ನನ್ನ ಅಧ್ಯಾಯಗಳ ತಲೆಯ ಮೇಲಿದ್ದ ಮಂಜು, ಬೆಟ್ಟ, ಕಿತ್ತಳೆ ಗಿಡಗಳನ್ನೆಲ್ಲ ಬೋಳಿಸಿದೆ. ಕೊಡಗಿನ ಕಾದಂಬರಿಯನ್ನು ಯಾರು ಓದುತ್ತಾರೆ ಎಂದು ಈಗಲೂ ಕೇಳುವವರಿಗೆ ನಮ್ಮ ಕಾದಂಬರಿಕಾರ ಭಾರತೀಸುತರ ಹೆಸರು ಹೇಳಿ ಸುಮ್ಮನಾಗುತ್ತೇನೆ. ಅವರ 'ಎಡಕಲ್ಲು ಗುಡ್ಡದ ಮೇಲೆ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರೇ ಸಿನಿಮಾ ಮಾಡಿದ್ದರು.

ಏಳನೆಯದು ವಾರಪತ್ರಿಕೆಗೆ ಧಾರಾವಾಹಿ. ಇಡೀ ಹಸ್ತಪ್ರತಿ ಮೊದಲೇ ಬೇಕು ಎಂದು ಸಂಪಾದಕರು ಪಟ್ಟುಹಿಡಿದಿದ್ದಾರೆ. ಈ ಸಲದ ಮೆಣಸು ಆರಿಸಿ ಮುಗಿಯುವವರೆಗೆ, ಅಂದರೆ ಏಪ್ರಿಲ್ ಕೊನೆಯವರೆಗೆ, ವಾಯಿದೆ ಕೇಳಿದ್ದೇನೆ. ಕಾರಣ ಅವರಿಗೆ ತಿಳಿಸಿಲ್ಲ.