ರೀಲ್ ಇಲ್ಲದ ಗಾಳ: ತೆಂಕರ ನನಗೆ ಕೈಹತ್ತಿದ ಬಗೆ

ಕೋಲು, ದಾರ, ಗರಿ ಸುತ್ತಿದ ಒಂದು ಕೊಕ್ಕೆ. ಜಪಾನಿನ ಬೆಟ್ಟದ ಹೊಳೆಗಳಲ್ಲಿ ಹಾಕುವ ಈ ಗಾಳಕ್ಕೆ ತೆಂಕರ ಎಂದು ಹೆಸರು. ಇಷ್ಟರಲ್ಲೇ ಮೀನು ಬೀಳೋದಾದ್ರೆ ಜನ ರೀಲ್‌ಗೆ ದುಡ್ಡು ಯಾಕೆ ಸುರೀತಿದ್ರು ಅಂತ ಟೋಕಿಯೊದಲ್ಲಿ ಗಾಳ ಹಾಕುವ ನಮ್ಮವರು ಕೇಳುತ್ತಲೇ ಇದ್ದರು. ಮೊದಲ ವರ್ಷದ ಲೆಕ್ಕವೂ ಅವರ ಪರವಾಗಿಯೇ ಇತ್ತು: ಹದಿನಾಲ್ಕು ಸಲ ಹೋದರೆ ಮೂರು ಮೀನು. ಎರಡನೇ ವರ್ಷ ಹನ್ನೊಂದು ಸಲಕ್ಕೆ ಅರವತ್ತರ ಮೇಲೆ ಬಿತ್ತು, ಆಗಸ್ಟ್‌ನಲ್ಲಿ ಎಣಿಸುವುದನ್ನೇ ಬಿಟ್ಟೆ. ಹೊಳೆ ಅದೇ, ಕೋಲೂ ಅದೇ. ಬದಲಾಗಿದ್ದು 1,300 ಯೆನ್‌ನ ಒಂದು ಸುರುಳಿ ದಾರ, ಮತ್ತೆ ಅದನ್ನು ನೀರಿಗೆ ತಾಗಿಸದೆ ಹಿಡಿಯುವ ಅಭ್ಯಾಸ. ಗಂಟು ಹಾಕುವುದು, ಮಡು ಯಾವುದು ಸೆಳವು ಯಾವುದು ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ನಮ್ಮ ಹಳ್ಳದ ಬಿದಿರು ಗಾಳಕ್ಕೂ ರೀಲ್ ಇಲ್ಲವಲ್ಲ, ಇದರಲ್ಲೇನು ಹೊಸದು ಎಂದು ಮಲೆನಾಡಿನವರು ಕೇಳಬಹುದು. ಅಲ್ಲಿ ಎರೆಹುಳು, ಸೀಸದ ತೂಕ ಮುಂದೆ ಹೋಗುತ್ತದೆ, ದಾರ ಹಿಂದೆ ಬರುತ್ತದೆ. ತೆಂಕರದಲ್ಲಿ ಇದು ಉಲ್ಟಾ. ಕೊಕ್ಕೆಗೆ ತೂಕವೇ ಇಲ್ಲ, ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ದಾರ ದಪ್ಪ ಇದ್ದಷ್ಟೂ ಎಸೆಯುವುದು ಸಲೀಸು. ಆದರೆ ಎಸೆದ ಮರುಕ್ಷಣ ಅದೇ ದಾರ ನಡುವೆ ಜೋತುಬಿದ್ದು ಕೊಕ್ಕೆಯನ್ನು ನಿಮ್ಮ ಕಡೆಗೆ ಎಳೆಯತೊಡಗುತ್ತದೆ. ಹರಿವಿಗೆ ಅಡ್ಡಲಾಗಿ ಈಜುವ ಹುಳವನ್ನು ಬೆಟ್ಟದ ಮೀನು ನಂಬುವುದಿಲ್ಲ. ಒಂದು ವರ್ಷ ನಾನು ಮಾಡಿದ್ದು ಇಷ್ಟೇ, ಗರಿ ಬದಲಿಸಿ ಬದಲಿಸಿ ಅದೇ ಸುಳ್ಳು ಹುಳವನ್ನು ಅಡ್ಡಡ್ಡ ಎಳೆದದ್ದು.

ಜಪಾನಿನಲ್ಲಿ ದಾರದ ದಪ್ಪವನ್ನು 'ಗೋ' ಎಂಬ ಸಂಖ್ಯೆಯಲ್ಲಿ ಅಳೆಯುತ್ತಾರೆ. ಈ ಸಂಖ್ಯೆ ಹೆಚ್ಚುಕಮ್ಮಿ ತೂಕದ ಲೆಕ್ಕದಲ್ಲೇ ಏರುತ್ತದೆ, ಅಂದರೆ 3 ಗೋ ದಾರಕ್ಕಿಂತ 4.5 ಗೋ ದಾರ ಮೀಟರಿಗೆ ಒಂದೂವರೆ ಪಟ್ಟು ಭಾರ. ಎಸೆಯಲು ಬರಲಿ ಎಂದು ನಾನು 4.5ರಿಂದ ಶುರು ಮಾಡಿದ್ದೆ, ಅದೂ ಐದು ಮೀಟರ್ ಉದ್ದ. ದೂರ ಹೋಗುತ್ತಿತ್ತು, ನೋಡಲೂ ಚೆನ್ನ, ಮೀನು ಮಾತ್ರ ಇಲ್ಲ. 4ಕ್ಕೆ ಇಳಿದಾಗ ಎರಡು ಮೀನು. ಹುರುಪಿನಲ್ಲಿ 2.5ಕ್ಕೆ ಹಾರಿದೆ. ಕಣಿವೆಯಲ್ಲಿ ಹತ್ತು ಗಂಟೆಗೆ ಗಾಳಿ ಏಳುತ್ತಲೂ ದಾರ ಮುಖಕ್ಕೇ ವಾಪಸ್ ಬರುತ್ತಿತ್ತು. ಕೊನೆಗೆ ನಿಂತದ್ದು 3ರಲ್ಲಿ, ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನದು, ಸುಮಾರು 0.285 ಮಿ.ಮೀ., ಉದ್ದ ಕೋಲಿನಷ್ಟೇ. ಕೋಲು 3.6 ಮೀಟರ್, ದಾರ 3.6, ಅದರ ತುದಿಗೆ ಒಂದು ಮೀಟರ್ ತೆಳು ದಾರ. ಈ ತೆಳು ದಾರಕ್ಕೆ ಇಲ್ಲಿ 'ಹರಿಸು' ಅನ್ನುತ್ತಾರೆ. ಕನ್ನಡದ ಕಿವಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲಿಕ್ಕಿಲ್ಲ, ಅದರ ಕೆಲಸವೂ ಕೊಕ್ಕೆಯನ್ನು ಹರಿಸುವುದೇ ತಾನೇ. ಹರಿಸು 0.8 ಗೋ, ಮಳೆ ಬಂದು ನೀರು ಏರಿದ್ದರೆ 1.

ದಾರದ ಬಣ್ಣ ಕಣ್ಣಿಗೆ ಹೊಡೆಯುವಂತಿರಲಿ, ಗುಲಾಬಿ ಅಥವಾ ಹಳದಿ. ಮೀನಿಗೆ ಕಾಣುತ್ತದೆ ಅನ್ನುವ ಭಯ ಬೇಡ, ಏಕೆಂದರೆ ಅದು ನೀರಿಗೆ ಬೀಳಬಾರದು. ಸುರುಳಿಯಿಂದ ಬಿಚ್ಚಿದ ಮೇಲೆ ಒಂದೊಂದು ತೋಳಿನಷ್ಟು ಹಿಡಿದು ಮೆಲ್ಲಗೆ ಜಗ್ಗಿ ನೆಟ್ಟಗೆ ಮಾಡಿಕೊಳ್ಳಿ. ಚಳಿಯಿರುವ ಮಾರ್ಚ್ ಬೆಳಿಗ್ಗೆ ಇದನ್ನು ಮಾಡದಿದ್ದರೆ ದಾರ ಸ್ಪ್ರಿಂಗಿನಂತೆ ಕುಳಿತುಬಿಡುತ್ತದೆ. ಮೀನು ಬಾಯಿಹಾಕಿದ ಸುಳಿವು ಆ ಸುರುಳಿಗಳಲ್ಲೇ ಕರಗಿಹೋಗುತ್ತದೆ. ಕೋಲಿನ ತುದಿಯಲ್ಲಿ ಲಿಲಿಯನ್ ಎಂಬ ನೇಯ್ದ ದಾರದ ಮೋಟು ಬಾಲ ಇರುತ್ತದಲ್ಲ, ಅದರ ಕೊನೆಗೊಂದು ಗಂಟು ಹಾಕಿ, ದಾರದ ಜಾರುಕುಣಿಕೆಯನ್ನು ಆ ಗಂಟಿನ ಹಿಂದೆ ಬಿಗಿದರೆ ಸಾಕು. ದಾರಕ್ಕೂ ಹರಿಸಿಗೂ ನಡುವೆ ನಾನು ಹಾಕುವ ಗಂಟು ಬೇರೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಕುಣಿಕೆಗೆ ಕುಣಿಕೆ ಹಾಕಿದರೂ ಕೆಲಸ ನಡೆಯುತ್ತದೆ.

ಎಸೆತದಲ್ಲಿ ಭುಜಕ್ಕೆ ಕೆಲಸವಿಲ್ಲ. ತೋರುಬೆರಳು ಹಿಡಿಯ ಮೇಲೆ, ಮೊಣಕೈ ಪಕ್ಕೆಗೆ. ಗಡಿಯಾರದ ಹನ್ನೆರಡಕ್ಕೆ ಕೋಲು ನಿಲ್ಲಿಸಿ, ದಾರ ಹಿಂದೆ ನೆಟ್ಟಗಾಗುವಷ್ಟು ಹೊತ್ತು ಕಾದು, ಹತ್ತಕ್ಕೆ ತಂದು ನಿಲ್ಲಿಸಿ. ಹತ್ತಕ್ಕಿಂತ ಕೆಳಗೆ ಹೋದರೆ ಮೊದಲು ದಾರ ನೀರಿಗೆ ಬಡಿಯುತ್ತದೆ, ಆ ಜಾಗ ಅರ್ಧ ಗಂಟೆಗೆ ಮುಗಿಯಿತು. ಹರಿಸಿನಲ್ಲಿ ತಾನಾಗಿ ಗಂಟು ಬೀಳುತ್ತಿದ್ದರೆ ನೀವು ಹಿಂದೆ ಕಾಯುತ್ತಿಲ್ಲ. ಕೊಕ್ಕೆ ಹರಿಸಿನ ಮುದ್ದೆಯೊಳಗೆ ಬೀಳುತ್ತಿದ್ದರೆ ಹರಿಸು ಉದ್ದವಾಯಿತು, ಇಪ್ಪತ್ತು ಸೆಂ.ಮೀ. ಕತ್ತರಿಸಿ. ಇಷ್ಟು ಮಾಡಿದರೆ ಕೊಕ್ಕೆ ಮೊದಲು ಇಳಿಯುತ್ತದೆ. ಇಳಿದ ಕ್ಷಣದಲ್ಲೇ ಕೋಲಿನ ತುದಿಯನ್ನು ಒಂದು ಗೇಣು ಎತ್ತಬೇಕು. ನೀರಿನಲ್ಲಿ ಇರಬೇಕಾದದ್ದು ಕೊಕ್ಕೆ, ಅದರ ಹಿಂದಿನ ಹತ್ತು ಹದಿನೈದು ಸೆಂ.ಮೀ. ಹರಿಸು, ಅಷ್ಟೇ. ಹರಿವು ಎಷ್ಟು ವೇಗವೋ ಕೋಲಿನ ತುದಿಯೂ ಅಷ್ಟೇ ವೇಗದಲ್ಲಿ ಕೆಳಗೆ ಬರಬೇಕು. ಮೂರರಿಂದ ಐದು ಸೆಕೆಂಡ್ ಹರಿದರೆ ಧಾರಾಳ. ಒಂದು ಜಾಗಕ್ಕೆ ಮೂರು ಎಸೆತ, ಆಮೇಲೆ ಮುಂದಕ್ಕೆ.

ಎಳೆತಕ್ಕೆ ಕಾಯುವುದು ರೀಲ್‌ನವರ ರೂಢಿ, ನನ್ನನ್ನೂ ಬಹಳ ಕಾಲ ಕಾಡಿತು. ಕೈಗೆ ಗೊತ್ತಾಗುವ ಹೊತ್ತಿಗೆ ಯಮಾಮೆ ಎಂಬ ಬೆಟ್ಟದ ಮೀನು ಕೊಕ್ಕೆ ಉಗುಳಿಯಾಗಿರುತ್ತದೆ. ಕಣ್ಣಿಡಬೇಕಾದದ್ದು ಬಣ್ಣದ ದಾರದ ಕೊನೆಯ ಮೇಲೆ. ಅದು ನಿಂತರೆ, ನಡುಗಿದರೆ, ನೀರಿನಡಿ ಬಿಳಿ ಮಿಂಚು ಕಂಡರೆ ಮಣಿಕಟ್ಟನ್ನಷ್ಟೇ ಎತ್ತಿ. ಇವಾನಾ ಎಂಬ ಇನ್ನೊಂದು ಮೀನು ಸ್ವಲ್ಪ ನಿಧಾನಿ, ಅದಕ್ಕೆ ಒಂದು ಉಸಿರಿನಷ್ಟು ಹೊತ್ತು ಕೊಡಬಹುದು. ಯಮಾಮೆ ಹರಿವಿನ ನಡುವೆ, ಮಡು ಮುಗಿದು ನೀರು ತೆಳುವಾಗುವ ಅಂಚಿನಲ್ಲಿ ಇರುತ್ತದೆ. ಇವಾನಾ ಬಂಡೆಯ ನೆರಳಿನಲ್ಲಿ, ನೊರೆ ತಿರುಗುವ ಮೂಲೆಯಲ್ಲಿ. ಮೀನಿನ ಮುಖ ಹರಿವಿಗೆ ಎದುರಾಗಿರುತ್ತದೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನಡೆಯುವುದು. ಮೊದಲ ಎಸೆತ ಮಡುವಿನ ಬಾಲಕ್ಕೆ. ನೇರ ತಲೆಗೆ ಎಸೆದರೆ ಬಾಲದಲ್ಲಿದ್ದ ಮೀನು ಬೆದರಿ ಮೇಲಕ್ಕೋಡಿ ಮಿಕ್ಕವನ್ನೂ ಎಬ್ಬಿಸುತ್ತದೆ. ಕೊಂಬೆ ಕವಿದ ಕಡೆ ಎಸೆತವೇ ಬೇಡ, ಕೊಕ್ಕೆಯ ಬಾಗನ್ನು ಎರಡು ಬೆರಳಲ್ಲಿ ಹಿಡಿದು, ಕೋಲು ಬಿಲ್ಲಿನಂತೆ ಬಗ್ಗಿಸಿ ಬಿಟ್ಟುಬಿಡಿ. ಮೊನೆ ಬೆರಳಿನಿಂದ ಹೊರಗಿರಲಿ.

ಗರಿಗೆ ಬರೋಣ, ನನ್ನ ದುಡ್ಡು ಹೆಚ್ಚು ಹೋಗಿದ್ದೇ ಅಲ್ಲಿ. ಗರಿ ಕಟ್ಟಿದ ಕೊಕ್ಕೆಗೆ ಕೆಬಾರಿ ಎಂದು ಹೆಸರು. ಅಂಗಡಿಯಲ್ಲಿ ಒಂದಕ್ಕೆ 300 ಯೆನ್ ಆಸುಪಾಸು. ಮೊದಲ ವರ್ಷ ನಲವತ್ತರಷ್ಟು ಮರಕ್ಕೂ ಬಂಡೆಗೂ ಕೊಟ್ಟೆ, ಅಂದರೆ 12,000 ಯೆನ್, ಯೆನ್‌ಗೆ 55 ಪೈಸೆ ಹಿಡಿದರೂ ಆರೂವರೆ ಸಾವಿರ ರೂಪಾಯಿ. ತೆಂಕರ ಗೊತ್ತಿದ್ದವರಿಗೆ ಹಿಸಾವೊ ಇಶಿಗಾಕಿ ಹೆಸರು ಗೊತ್ತು. ಉದ್ದಕ್ಕೂ ಒಂದೇ ದಪ್ಪದ ದಾರವನ್ನು ಜನಪ್ರಿಯ ಮಾಡಿದವರು, ಕೆಬಾರಿಯೂ ಒಂದೇ ಬಗೆಯದು ಸಾಕು ಅನ್ನುವವರು. ಅದನ್ನು ಓದಿ ನಕ್ಕಿದ್ದೆ, ಈಗ ನನ್ನ ಡಬ್ಬಿಯಲ್ಲಿರುವುದೂ ಎರಡೇ ಬಗೆ.

ಕಟ್ಟುವುದು ಕಷ್ಟವೇನಲ್ಲ. 12ನೇ ನಂಬರಿನ, ಮುಳ್ಳಿಲ್ಲದ ಕೊಕ್ಕೆ. ಕಪ್ಪು ಹೊಲಿಗೆ ದಾರವನ್ನು ಕೊಕ್ಕೆಯ ಕಣ್ಣಿನ, ಅಂದರೆ ಹರಿಸು ಪೋಣಿಸುವ ತೂತಿನ, ಹಿಂದಿನಿಂದ ಬಾಗಿನ ತನಕ ಸುತ್ತಿ ವಾಪಸ್ ತನ್ನಿ. ಹೆಣ್ಣು ಫೆಸೆಂಟ್ ಹಕ್ಕಿಯ ಎದೆಗರಿ ಒಂದನ್ನು, ಉಬ್ಬಿದ ಬದಿ ಹಿಂದಕ್ಕಿರುವಂತೆ ಕಟ್ಟಿ ಎರಡೂವರೆ ಸುತ್ತು. ನಾಲ್ಕು ಸುತ್ತಾದರೆ ಬ್ರಷ್ ಆಗುತ್ತದೆ, ಮುಳುಗುವುದಿಲ್ಲ. ಆಮೇಲೆ ಗರಿಯ ಹಿಂದೆ ದಾರ ಒತ್ತಿ ಸುತ್ತಿದರೆ ಎಳೆಗಳು ಕಣ್ಣಿನ ಕಡೆಗೆ, ಮುಂದಕ್ಕೆ ವಾಲುತ್ತವೆ. ಇದೇ ಸಕಸಾ, ಅಂದರೆ ತಿರುಗುಮುರುಗು ಕೆಬಾರಿ. ಕೋಲಿನ ತುದಿ ಮೆಲ್ಲಗೆ ಮಿಡಿದಾಗ ಎಳೆಗಳು ಮುಚ್ಚಿ ತೆರೆಯುತ್ತವೆ, ಜೀವ ಇದ್ದಂತೆ ಕಾಣುತ್ತದೆ. ಅಂಗಡಿಯ ಹುಂಜದ ಗರಿ ಬಿರುಸು, ಮುಚ್ಚುವುದೇ ಇಲ್ಲ. ಮೈಗೆ ನವಿಲುಗರಿಯ ಎಳೆ ಎರಡು ಸಾಕು. ಊರಿಂದ ತರಿಸೋಣ ಎಂದುಕೊಳ್ಳಬೇಡಿ, ಭಾರತದಿಂದ ನವಿಲುಗರಿ ಹೊರಗೆ ಕಳಿಸುವುದು ನಿಷಿದ್ಧ. ಇಲ್ಲಿಯ ಅಂಗಡಿಯಲ್ಲೇ ಸಿಗುತ್ತದೆ. ಹಳಬರು ಜೆನ್‌ಮಾಯ್ ಎಂಬ ಜರೀಗಿಡದ ಚಿಗುರಿನ ಹತ್ತಿಯನ್ನು ಮೈಗೆ ಸುತ್ತುತ್ತಿದ್ದರು, ಅದೂ ಚೆನ್ನಾಗಿ ನಡೆಯುತ್ತದೆ. ಮನೆಯಲ್ಲಿ ಕಟ್ಟಿದರೆ ಒಂದಕ್ಕೆ 40 ಯೆನ್ ದಾಟುವುದಿಲ್ಲ. ಎರಡನೇ ಬಗೆಯ ಕೆಬಾರಿ ಜುಲೈ ತಿಂಗಳದ್ದು, ಅದರ ಮೈಬಣ್ಣ ಮಾತ್ರ ಕೇಳಬೇಡಿ.

ಕೋಲಿನ ಕಥೆ ಬೇಗ ಮುಗಿಸುತ್ತೇನೆ. ಮೊದಲನೆಯದು 6,000 ಯೆನ್, ಮೂರನೇ ಸಲಕ್ಕೇ ತುದಿ ಮುರಿಯಿತು, ತಪ್ಪು ನನ್ನದೇ. ಬಿಚ್ಚುವಾಗ ತುದಿಯಿಂದ, ಮಡಚುವಾಗ ಬುಡದಿಂದ, ಇದನ್ನು ತಿರುಗಿಸಿ ಮಾಡಿದ್ದೆ. ಕೊಕ್ಕೆ ಸಿಕ್ಕಿಕೊಂಡರೂ ಕೋಲು ಬಗ್ಗಿಸಿ ಎಳೆಯಬಾರದು. ಕೋಲು ಮಡಚಿ, ದಾರವನ್ನು ಟವೆಲ್ಲಿಗೆ ಸುತ್ತಿ ನೇರಕ್ಕೆ ಜಗ್ಗಿದರೆ ಹರಿಸು ಕಡಿಯುತ್ತದೆ, ಉಳಿದದ್ದೆಲ್ಲ ಉಳಿಯುತ್ತದೆ. ಹರಿಸು ತೆಳುವಿರಬೇಕು ಅನ್ನುವುದು ಮೀನಿಗಿಂತ ಹೆಚ್ಚಾಗಿ ಇದಕ್ಕೇ. ಎರಡನೇ ಕೋಲು 18,000 ಯೆನ್, ಸುಮಾರು 75 ಗ್ರಾಂ, ಬಾಗು 6:4, ಅಂದರೆ ಬುಡದ ಆರು ಪಾಲು ಗಟ್ಟಿ, ತುದಿಯ ನಾಲ್ಕು ಪಾಲು ಬಾಗುತ್ತದೆ. ತುದಿಯಷ್ಟೇ ಬಾಗುವ 7:3 ಕೋಲಿಗಿಂತ 3 ಗೋ ದಾರದ ತೂಕಕ್ಕೆ ನನಗೆ ಇದೇ ಸಲೀಸು. ದುಬಾರಿ ಕೋಲು ಕೊಂಡು ದಪ್ಪ ದಾರ ಹಾಕುವವರೇ ಹೆಚ್ಚು, ನನಗದು ಅರ್ಥವಾಗುವುದಿಲ್ಲ.

ಫೆಲ್ಟ್ ಅಟ್ಟೆಯ ಬೂಟು ಮಾತ್ರ ಬಿಡಬೇಡಿ, 9,000 ಆಯಿತು. ಪಾಚಿಗಟ್ಟಿದ ಬಂಡೆಯ ಮೇಲೆ ರಬ್ಬರ್ ಅಟ್ಟೆಯಲ್ಲಿ ನಿಂತರೆ ಕೋಲೂ ಹೋಯಿತು, ಮಂಡಿಯೂ ಹೋಯಿತು. ನಾನು ಹೋಗುವುದು ಟೋಕಿಯೊದ ಪಶ್ಚಿಮದ ಬೆಟ್ಟಗಳಲ್ಲಿರುವ ಒಕುತಾಮಾ ಕಡೆ, ನಿಪ್ಪರಾ ಹೊಳೆ ಮತ್ತೆ ಅದಕ್ಕೆ ಸೇರುವ ಒಂದು ತೊರೆ. ತೊರೆಯ ಹೆಸರು ಬರೆಯುವುದಿಲ್ಲ. ಒಕುತಾಮಾ ನಿಲ್ದಾಣದಿಂದ ಬಸ್ಸಿದೆ. ಹೊಳೆಯ ಮೀನುಗಾರರ ಸಹಕಾರ ಸಂಘದ ದಿನದ ಚೀಟಿ ಮೊದಲೇ ಕೊಳ್ಳಿ, ಹೊಳೆಯಲ್ಲಿ ಸಿಕ್ಕಿಬಿದ್ದು ಕೊಂಡರೆ ಬೆಲೆ ಹೆಚ್ಚು. ಮಾರ್ಚ್‌ನಲ್ಲಿ ತೆರೆದು ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತಾರೆ. ಅಳತೆಯ ಕಟ್ಟಳೆ ಹೊಳೆಯಿಂದ ಹೊಳೆಗೆ ಬೇರೆ, ಚೀಟಿಯಲ್ಲೇ ಓದಿಕೊಳ್ಳಿ. ಕರಡಿ ಇದೆ, ಸೊಂಟಕ್ಕೆ ಗಂಟೆ ಇರಲಿ. ಕನಾಗಾವಾದ ತಾಂಜಾವಾ ಬೆಟ್ಟಕ್ಕೆ ಹೋದರೆ ಉಂಬಳ, ಅದಕ್ಕೇನು ಮಾಡಬೇಕೆಂದು ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ.

ನಡುವೆ ಎರಡು ಹುಚ್ಚು ಪ್ರಯೋಗ ಮಾಡಿದೆ. ಒಂದು ಕುದುರೆಬಾಲದ ದಾರ. ಬೆಟ್ಟದಲ್ಲಿ ಮೀನು ಹಿಡಿದು ಬಿಸಿನೀರ ಬುಗ್ಗೆಯ ಛತ್ರಗಳಿಗೆ ಮಾರುತ್ತಿದ್ದ ಹಳೆಯ ಕಸುಬುದಾರರು ಬಳಸುತ್ತಿದ್ದದ್ದು ಅದನ್ನೇ. ಬುಡದಲ್ಲಿ ಹತ್ತು ಕೂದಲು, ತುದಿಯಲ್ಲಿ ಮೂರು ಬರುವಂತೆ ಹೊಸೆದೆ, ನಾಲ್ಕು ಭಾನುವಾರ ಹಿಡಿಯಿತು. ಮೊದಲ ಗಂಟೆ ಗರಿ ಹೂವಿನಂತೆ ಇಳಿಯುತ್ತದೆ. ಆಮೇಲೆ ಕೂದಲು ನೀರು ಕುಡಿದು 4.5ರ ಹಳೆ ರೋಗ ವಾಪಸ್. ಇನ್ನೊಂದು, ಊರೊಳಗಿನ ತಾಮಾ ನದಿಯಲ್ಲಿ ಓಯ್ಕಾವಾ ಎಂಬ ಪುಟ್ಟ ಮೀನಿಗೆ ಇದೇ ಕೋಲು. ಕೊಕ್ಕೆ 18ಕ್ಕೆ ಇಳಿಸಿ (ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದು), ಹರಿಸು 0.4ಕ್ಕೆ ಇಳಿಸಿ, ಬೇಸಿಗೆಯ ಸಂಜೆ ಹೊತ್ತು ಮುಳುಗುವ ಮುಂಚಿನ ಒಂದು ಗಂಟೆ. ಇಪ್ಪತ್ತು ಮೂವತ್ತು ಬೀಳುತ್ತವೆ. ಕೈ ಪಳಗಿಸಲು ಇದಕ್ಕಿಂತ ಅಗ್ಗದ ಶಾಲೆ ಇಲ್ಲ, ಬೆಟ್ಟಕ್ಕೆ ಹೋಗುವ ಮುಂಚೆಯೇ ಇದನ್ನು ಮಾಡಿದ್ದರೆ ಹತ್ತು ಪ್ರಯಾಣದ ದುಡ್ಡು ಉಳಿಯುತ್ತಿತ್ತು.

ಮನೆಗೆ ಬಂದಮೇಲೆ ಬುಡದ ತಿರುಪು ಬಿಚ್ಚಿ, ತುಂಡುಗಳನ್ನೆಲ್ಲ ಹೊರತೆಗೆದು, ಒರೆಸಿ ರಾತ್ರಿಯೆಲ್ಲ ನೆರಳಲ್ಲಿ ಒಣಗಿಸಿ. ಒದ್ದೆ ಕೋಲನ್ನು ಹಾಗೇ ಚೀಲಕ್ಕೆ ತುರುಕಿದರೆ ವಾರದಲ್ಲಿ ಬಣ್ಣದ ಮೇಲೆ ಗುಳ್ಳೆ ಏಳುತ್ತದೆ. ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ತಿರುಚಬೇಡಿ. ಆ ಜಾಗವನ್ನು ಮಂಜುನೀರಲ್ಲಿ ಹತ್ತು ನಿಮಿಷ ಇಟ್ಟು, ಎರಡು ಕೈಗೂ ರಬ್ಬರ್ ಕೈಗವಸು ಹಾಕಿಕೊಂಡು, ಎರಡೂ ಕೈ ಹತ್ತಿರ ಹತ್ತಿರ ಹಿಡಿದು ನೇರಕ್ಕೆ ಒತ್ತಿ. ಆಗಲೂ ಬಿಡದಿದ್ದರೆ ಮರದ ಹಲಗೆಯ ಮೇಲೆ ಬುಡ ಕೆಳಗಾಗಿ ಹಿಡಿದು ಮೆತ್ತಗೆ ಕುಟ್ಟಿ.