ಅರೇಬಿಕ್ ಸಾಲಿನೊಳಗೆ ಬೆಂಗಳೂರಿನ ಫೋನ್ ನಂಬರ್: ನನ್ನ ಅನುಭವ

ಒಮಾನ್, ಇರಾಕ್, ಯೆಮನ್ ಮುಂತಾದ ದೇಶಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಚಿಕಿತ್ಸೆಗೆಂದು ಬರುವವರು ಊರು ಬಿಡುವ ಮೊದಲು ಓದಿಕೊಳ್ಳುವ ಅರೇಬಿಕ್ ವೆಬ್ ಪುಟಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಅಂಥ ಪುಟಗಳಲ್ಲಿ ಪೂರ್ತಿ ಅರೇಬಿಕ್ ಆಗಿರುವ ಸಾಲು ಸಿಗುವುದೇ ಕಡಿಮೆ. ವೈದ್ಯರ ಹೆಸರು, ಔಷಧದ ಹೆಸರು, ಇಮೇಲ್ ವಿಳಾಸ, ಫೋನ್ ನಂಬರ್ ಎಲ್ಲವೂ ಎಡದಿಂದ ಬಲಕ್ಕೆ ಓಡುತ್ತವೆ. ಅವುಗಳನ್ನು ಹೊತ್ತ ವಾಕ್ಯ ಬಲದಿಂದ ಎಡಕ್ಕೆ ಸಾಗುತ್ತದೆ. ಓದುವವರು ರೋಗಿಗಳೋ ಅವರ ಮನೆಯವರೋ ಆಗಿರುವುದರಿಂದ, ಅಂಕಿಗಳು ಜಾಗ ಬದಲಿಸಿದರೆ ಅದನ್ನು ಕೇವಲ ಅಂದಚೆಂದದ ಲೋಪವೆಂದು ಬಿಟ್ಟುಬಿಡಲಾಗದು.

ಅಕ್ಷರಗಳು ಕಂಪ್ಯೂಟರಿನಲ್ಲಿ ದಾಖಲಾಗುವುದು ಓದುವ ಕ್ರಮದಲ್ಲಿಯೇ ಹೊರತು ಕಾಣುವ ಕ್ರಮದಲ್ಲಲ್ಲ. ಕನ್ನಡದಲ್ಲಿ ‘ಸೂರ್ಯ’ ಎಂದು ಬರೆದಾಗ ‘ರ್’ ಮೊದಲು ದಾಖಲಾಗಿದ್ದರೂ ಅರ್ಕಾವೊತ್ತಾಗಿ ‘ಯ’ಕಾರದ ನಂತರ ಕಾಣುತ್ತದಲ್ಲ, ಅರೇಬಿಕ್ ಪುಟದಲ್ಲಿ ಅಂಥ ಏರ್ಪಾಡು ಇಡೀ ಸಾಲಿಗೇ ಅನ್ವಯಿಸುತ್ತದೆ. ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಮಾನದಂಡವಾದ ಯೂನಿಕೋಡ್‌ನ ದ್ವಿಮುಖ ಅಲ್ಗಾರಿದಮ್ (ಎರಡು ದಿಕ್ಕಿನ ಬರಹವನ್ನು ಒಂದೇ ಸಾಲಿನಲ್ಲಿ ಜೋಡಿಸುವ ನಿಯಮಗಳ ಕಟ್ಟು) ಅಕ್ಷರಗಳಿಗೆ ಸ್ವಂತ ದಿಕ್ಕನ್ನು ಕೊಟ್ಟು, ಅಂಕಿಗಳನ್ನು ದುರ್ಬಲವೆಂದೂ ಖಾಲಿ ಜಾಗ, ಹಲವು ವಿರಾಮಚಿಹ್ನೆಗಳನ್ನು ತಟಸ್ಥವೆಂದೂ ಪರಿಗಣಿಸಿ, ನೆರೆಹೊರೆಯನ್ನು ನೋಡಿ ಅವುಗಳ ಜಾಗವನ್ನು ತೀರ್ಮಾನಿಸುತ್ತದೆ. ಆದ್ದರಿಂದ ದತ್ತಾಂಶವನ್ನು ಕೈಯಿಂದ ತಿರುಗಿಸಿ ಸರಿಪಡಿಸಲು ಹೋಗಬಾರದು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ನನ್ನ ಕೈಗೆ ಬಂದ ಹಳೆಯ ಪುಟಗಳಲ್ಲಿ ಯಾರೋ ಪ್ಲಸ್ ಚಿಹ್ನೆಯನ್ನು ನಂಬರಿನ ಕೊನೆಯಲ್ಲಿ ಟೈಪ್ ಮಾಡಿಟ್ಟಿದ್ದರು. ಪರದೆಯ ಮೇಲೆ ಅದು ಸರಿಯಾಗಿಯೇ ಕಾಣುತ್ತಿತ್ತು. ಆದರೆ ಹುಡುಕಿದರೆ ಸಿಗುತ್ತಿರಲಿಲ್ಲ, ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಪ್ಲಸ್ ಕೊನೆಯಲ್ಲೇ ಉಳಿಯುತ್ತಿತ್ತು.

ಹೆಚ್ಚು ಎಚ್ಚರ ಬೇಡುವುದು ಫೋನ್ ನಂಬರೇ. 080 ಎಂದು ಆರಂಭವಾಗಿ ನಡುವೆ ಅಡ್ಡಗೆರೆಗಳಿರುವ ನಂಬರನ್ನು ಅರೇಬಿಕ್ ಪುಟದಲ್ಲಿ ಅದೊಂದನ್ನೇ ಒಂದು ಸಾಲಿನಲ್ಲಿಟ್ಟರೆ ಕ್ರಮ ಕೆಡುವುದಿಲ್ಲ. ಅದೇ ನಂಬರಿನ ಮುಂದೆ ‘ದೂರವಾಣಿ’ ಎಂಬರ್ಥದ ಅರೇಬಿಕ್ ಪದವನ್ನು ಸೇರಿಸಿದ ಕೂಡಲೇ ಕೊನೆಯ ನಾಲ್ಕಂಕಿ ಎಡತುದಿಗೂ 080 ಬಲತುದಿಗೂ ಹೋಗಿಬಿಡುತ್ತದೆ. ಅರೇಬಿಕ್ ಅಕ್ಷರದ ನಂತರ ಬರುವ ನಮ್ಮ ರೂಢಿಯ ಅಂಕಿಗಳನ್ನು ಅಲ್ಗಾರಿದಮ್ ಅರೇಬಿಕ್ ಅಂಕಿಗಳ ವರ್ಗಕ್ಕೆ ಸೇರಿಸುತ್ತದೆ, ಆ ವರ್ಗದ ಅಂಕಿಗಳನ್ನು ಒಟ್ಟಿಗೆ ಹಿಡಿದಿಡುವ ಶಕ್ತಿ ಅಡ್ಡಗೆರೆಗೆ ಇಲ್ಲ. ಹೀಬ್ರೂ ಅಕ್ಷರದ ನಂತರ ಹೀಗಾಗುವುದಿಲ್ಲ. ಹೀಬ್ರೂ ಪುಟದಲ್ಲಿ ಪರೀಕ್ಷಿಸಿ ನೆಮ್ಮದಿಯಾಗಿರುವವರಿಗೆ ಅದಕ್ಕಾಗಿಯೇ ಈ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಓರೆಗೆರೆಯ ಕಥೆ ಬೇರೆ: ರಕ್ತದೊತ್ತಡವನ್ನು 120/80 ಎಂದು ಒತ್ತಾಗಿ ಬರೆದರೆ ಹಾಗೆಯೇ ನಿಲ್ಲುತ್ತದೆ, ಗೆರೆಯ ಎರಡೂ ಬದಿ ಜಾಗ ಬಿಟ್ಟರೆ 80 ಎಡಕ್ಕೆ ಬರುತ್ತದೆ.

ಪರಿಹಾರ ಕಷ್ಟದ್ದಲ್ಲ, ಆದರೆ ಎಲ್ಲ ಕಡೆ ತಪ್ಪದೆ ಮಾಡಬೇಕು. ಪುಟದ ರಚನೆಯನ್ನು ಬ್ರೌಸರಿಗೆ ತಿಳಿಸುವ ಗುರುತುಗಳೇ ಟ್ಯಾಗ್‌ಗಳು. ಪುಟದ ಮೂಲ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿಯೇ ಭಾಷೆ ಅರೇಬಿಕ್ ಎಂದೂ ದಿಕ್ಕನ್ನು ಹೇಳುವ ‘ಡಿಐಆರ್’ ಎಂಬ ಆಟ್ರಿಬ್ಯೂಟ್ ‘ಆರ್‌ಟಿಎಲ್’ (ಬಲದಿಂದ ಎಡಕ್ಕೆ) ಎಂದೂ ನಮೂದಿಸುತ್ತೇನೆ. ಫೋನ್ ನಂಬರ್, ಔಷಧದ ಪ್ರಮಾಣ, ಇಮೇಲ್ ಇವುಗಳಲ್ಲಿ ಪ್ರತಿಯೊಂದನ್ನೂ ‘ಎಲ್‌ಟಿಆರ್’ (ಎಡದಿಂದ ಬಲಕ್ಕೆ) ಎಂದು ಗುರುತಿಸಿದ ಸ್ಪ್ಯಾನ್ ಟ್ಯಾಗ್‌ನಲ್ಲಿ ಸುತ್ತುತ್ತೇನೆ. ಡೇಟಾಬೇಸಿನಿಂದ ಬರುವ ಹೆಸರು ಯಾವ ಲಿಪಿಯಲ್ಲಿರುತ್ತದೆ ಎಂದು ಮೊದಲೇ ತಿಳಿಯದಿದ್ದಲ್ಲಿ ‘ಬಿಡಿಐ’ ಟ್ಯಾಗ್ ಬಳಸುತ್ತೇನೆ. ಅದು ಒಳಗಿನ ಪಠ್ಯವನ್ನು ಸುತ್ತಲಿನ ವಾಕ್ಯದಿಂದ ಪ್ರತ್ಯೇಕಿಸುತ್ತದೆ. ‘ಡಿಐಆರ್’ಗೆ ಕೊಡಬಹುದಾದ ‘ಆಟೊ’ ಎಂಬ ಮೌಲ್ಯವನ್ನು ರೋಗಿಗಳು ಸ್ವತಃ ಬರೆಯುವ ಪ್ರಶ್ನೆಗಳಿಗೆ ಮಾತ್ರ ಮೀಸಲಿಟ್ಟಿದ್ದೇನೆ. ಅದು ದಿಕ್ಕುಳ್ಳ ಮೊದಲ ಅಕ್ಷರವನ್ನು ನೋಡಿ ನಿರ್ಧರಿಸುವುದರಿಂದ, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಹೆಸರಿನಿಂದ ಆರಂಭವಾಗುವ ಅರೇಬಿಕ್ ಪ್ಯಾರಾ ಪೂರ್ತಿಯಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ.

ಪುಟದ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಎಡ, ಬಲ ಎಂದು ಬರೆಯುವ ಬದಲು ಆರಂಭ, ಅಂತ್ಯ ಎಂಬ ಮೌಲ್ಯಗಳನ್ನು ಬಳಸಿದರೆ ಒಂದೇ ವಿನ್ಯಾಸ ಎರಡೂ ಭಾಷೆಗೆ ಸಾಕಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗಳಿಗೆ ಅಕ್ಷರಗಳ ನಡುವೆ ಕೊಟ್ಟ ಹೆಚ್ಚುವರಿ ಅಂತರವನ್ನು ಮಾತ್ರ ಅರೇಬಿಕ್‌ಗೆ ತೆಗೆದುಹಾಕಲೇಬೇಕು, ಏಕೆಂದರೆ ಒಂದಕ್ಕೊಂದು ಕೂಡಿ ಬರೆಯುವ ಲಿಪಿಯ ಕೊಂಡಿಗಳು ಅದರಿಂದ ಕಡಿದುಹೋಗುತ್ತವೆ.

ಟ್ಯಾಗ್‌ಗಳೇ ಇಲ್ಲದ ಎಸ್‌ಎಂಎಸ್‌ಗೆ ಬೇರೆ ದಾರಿ ಬೇಕಾಯಿತು. ಪಠ್ಯದ ತುಣುಕನ್ನು ಪ್ರತ್ಯೇಕಿಸುವ ಅದೃಶ್ಯ ಚಿಹ್ನೆಗಳು 2013ರ ಯೂನಿಕೋಡ್ 6.3ರಲ್ಲಿ ಬಂದಿವೆಯಾದರೂ, ಅವನ್ನು ತುಣುಕಿನ ಆರಂಭಕ್ಕೊಂದು, ಕೊನೆಗೊಂದು ಎಂದು ಜೋಡಿಯಾಗಿ ಬಳಸಬೇಕು. ಕನ್ನಡದಂತೆ ಅರೇಬಿಕ್‌ನಲ್ಲಿಯೂ ಒಂದು ಎಸ್‌ಎಂಎಸ್‌ಗೆ 70 ಅಕ್ಷರಗಳಷ್ಟೇ ಹಿಡಿಯುವುದರಿಂದ, ನಂಬರಿನ ಮುಂದೆ ಎಡದಿಂದ ಬಲಕ್ಕೆ ಎಂದು ಸೂಚಿಸುವ ಎಲ್‌ಆರ್‌ಎಂ ಎಂಬ ಹಳೆಯ ಅದೃಶ್ಯ ಚಿಹ್ನೆಯೊಂದನ್ನೇ ಇಡುತ್ತೇನೆ. ಅಂಕಿಗಳೂ ಅಡ್ಡಗೆರೆಗಳೂ ಆಗ ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲುತ್ತವೆ. ಆದರೆ ಎಲ್‌ಆರ್‌ಎಂಗೂ ಸ್ವಂತ ದಿಕ್ಕಿದೆ. ಸಂದೇಶ ಅದರಿಂದಲೇ ಆರಂಭವಾದರೆ ಮೊದಲ ಅಕ್ಷರವನ್ನು ನೋಡಿ ದಿಕ್ಕು ಹಿಡಿಯುವ ಫೋನುಗಳು ಇಡೀ ಸಂದೇಶವನ್ನು ತಿರುಗಿಸುತ್ತವೆಯಾದ್ದರಿಂದ, ಮೊದಲ ಪದ ಯಾವಾಗಲೂ ಅರೇಬಿಕ್ ಆಗಿರುವಂತೆ ನೋಡಿಕೊಳ್ಳುತ್ತೇನೆ.