ಒಂದು ಮೀಟರ್ ಬಳೆಯಲ್ಲಿ 40 ಮೀಟರ್ ಬ್ಯಾಂಡ್

ಕೊನೆಗೂ ಆಯಿತು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋಕ್ಕೆ ಆ್ಯಂಟೆನಾ: ಒಂದು ಮೀಟರ್ ವ್ಯಾಸದ ತಾಮ್ರದ ಲೂಪ್, ಬಾಲ್ಕನಿಯ ಮೂಲೆ, ಐದು ವ್ಯಾಟ್, ಸಿಡಬ್ಲ್ಯೂ (ಮೋರ್ಸ್). 20 ಮೀಟರ್ ತರಂಗಾಂತರದ ಬ್ಯಾಂಡ್‌ನಲ್ಲಿ ಖಂಡ ದಾಟುವುದು ಈಗ ಮಾಮೂಲಿ. 40ರಲ್ಲೂ ರಾತ್ರಿ ಹೊತ್ತು ಸಾವಿರಾರು ಕಿಲೋಮೀಟರ್ ಆಚೆಯವರು 559, ಅಂದರೆ ತೀರಾ ಜೋರಲ್ಲದಿದ್ದರೂ ಸ್ಪಷ್ಟ, ಅಂತ ವರದಿ ಕೊಡುತ್ತಾರೆ. ‘ಇದೇನು ತೊಡೋ ಬಳೆಯೋ, ಆ್ಯಂಟೆನಾವೋ’ ಅಂತ ಹ್ಯಾಮ್‌ಗಳು ರೇಡಿಯೋದಲ್ಲೇ ಸೇರುವ ನೆಟ್‌ನಲ್ಲಿ ನಕ್ಕಿದ್ದವರೇ ಈಗ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ಅವರು ನಕ್ಕಿದ್ದಕ್ಕೂ ಕಾರಣ ಇತ್ತು. ಈ ಅಳತೆಯ ಲೂಪ್‌ನ ವಿಕಿರಣ ರೋಧ, ಅಂದರೆ ಅಲೆಯಾಗಿ ಹೊರಹೋಗುವ ಪವರಿನ ಪಾಲಿನ ಲೆಕ್ಕ, 20 ಮೀಟರ್‌ನಲ್ಲೇ ಸುಮಾರು 0.1 ಓಮ್, 40ಕ್ಕೆ ಇಳಿದರೆ ಆರು ಮಿಲಿಓಮ್ ಆಸುಪಾಸು. ಎಲ್ಲೋ ಒಂದು ಕೆಟ್ಟ ಜೋಡಣೆ 50 ಮಿಲಿಓಮ್ ತಿಂದರೆ ಪವರೆಲ್ಲ ಅಲ್ಲೇ ಶಾಖವಾಗಿ ಹೋಗುತ್ತದೆ. ಆ್ಯಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್ ಮಾತ್ರ ಏನೂ ಆಗಿಲ್ಲವೆಂಬಂತೆ 1.2 ತೋರಿಸುತ್ತಿರುತ್ತದೆ. ಪವರನ್ನು ಶಾಖ ಮಾಡಲೆಂದೇ ಇರುವ ಡಮ್ಮಿ ಲೋಡ್‌ಗೂ ಅದು ಹಾಗೇ ತೋರಿಸುತ್ತದಲ್ಲ!

ಮೊದಲು ದಪ್ಪ ಕೋಆ್ಯಕ್ಸ್ ಕೇಬಲ್‌ನ ಹೊರಗಿನ ತಂತಿ ಹೆಣಿಗೆಯನ್ನೇ ಲೂಪ್ ಮಾಡಿದ್ದೆ. ಬ್ಯಾಂಡ್‌ವಿಡ್ತ್ (ಮತ್ತೆ ಟ್ಯೂನ್ ಮಾಡದೆ ಬಳಸಬಹುದಾದ ಹರವು) ಆರಾಮಾಗಿ ಅಗಲ, ಟ್ಯೂನ್ ಮಾಡೋದು ಸಲೀಸು. ಆದರೆ ಕರೆದರೆ ಒಬ್ಬರೂ ಓಗೊಡಲಿಲ್ಲ. ಸಣ್ಣ ಲೂಪ್‌ನಲ್ಲಿ ಬ್ಯಾಂಡ್‌ವಿಡ್ತ್ ಅಗಲವಾಗಿದ್ದರೆ ನಷ್ಟ ಹೆಚ್ಚಿದೆ ಎಂದೇ ಲೆಕ್ಕ. ಆಮೇಲೆ ಕೊಳವೆಯನ್ನು ಎಂಟು ತುಂಡು ಮಾಡಿ, ಮೂಲೆಗಳಲ್ಲಿ ಬೋಲ್ಟ್ ಬಿಗಿದು ಅಷ್ಟಕೋನ ಮಾಡಿದೆ. ನೋಡಲು ಚೆಂದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜೋಡಣೆಗಳೆಲ್ಲ ಕಪ್ಪಾದವು, ಸಿಗ್ನಲ್ ಕುಸಿಯಿತು. ಈಗಿರುವುದು 22 ಮಿಲಿಮೀಟರ್ ಕೊಳವೆ, ಒಂದೇ ತುಂಡು, ಜೋಡಣೆಯೇ ಇಲ್ಲ. ಎರಡು ತುದಿಗಳ ನಡುವೆ ಕೂತು ಲೂಪ್ ಟ್ಯೂನ್ ಮಾಡುವ ಕಂಡೆನ್ಸರ್‌ವರೆಗೆ ಅಗಲವಾದ ತಾಮ್ರದ ಪಟ್ಟಿ, ಅದಕ್ಕೂ ಬೋಲ್ಟ್ ಇಲ್ಲ, ಬೆಸುಗೆ ಮಾತ್ರ.

ದುಡ್ಡು ನುಂಗಿದ್ದು ಕಂಡೆನ್ಸರ್. ವ್ಯಾಕ್ಯೂಮ್ ವೇರಿಯಬಲ್, ಅಂದರೆ ನಿರ್ವಾತದೊಳಗೆ ಕೂರಿಸಿದ ಕಂಡೆನ್ಸರ್, ಇಲ್ಲದೆ ಆಗೋದೇ ಇಲ್ಲ ಅಂತ ಎಲ್ಲರೂ ಹೆದರಿಸಿದ್ದರು. ನನ್ನ ರೇಡಿಯೋ ಸೆಟ್‌ಗಿಂತ ದುಬಾರಿಯಾಗಿ ಸೆಕೆಂಡ್ ಹ್ಯಾಂಡ್ ಒಂದನ್ನು ತಂದೆ. ಒಳಗಿನ ನಿರ್ವಾತ ಎಂದೋ ಹೋಗಿತ್ತು. ಪವರ್ ಕೊಟ್ಟ ಕೂಡಲೇ ಗಾಜಿನೊಳಗೆ ನೀಲಿ ಬೆಳಕು. ಕೊಟ್ಟವರು ವಾಪಸ್ ತೆಗೆದುಕೊಳ್ಳಲಿಲ್ಲ, ಈಗದು ಪೇಪರ್‌ವೇಟ್. ಕೊನೆಗೆ ಕೈಹಿಡಿದದ್ದು ಹಳೇ ವಾಲ್ವ್ ರೇಡಿಯೋದ ಗ್ಯಾಂಗ್, ಅಂದರೆ ಒಂದೇ ದಂಡಕ್ಕೆ ಜೋಡಿಸಿದ ಎರಡು ಕಂಡೆನ್ಸರ್, ಬಿಟ್ಟಿ ಸಿಕ್ಕಿದ್ದು. ಪ್ರತಿ ವಿಭಾಗ ಸುಮಾರು 500 ಪಿಕೋಫ್ಯಾರಡ್. ಎರಡು ಸ್ಟೇಟರ್‌ಗಳಿಗೆ (ತಿರುಗದ ತಗಡುಗಳಿಗೆ) ಲೂಪ್‌ನ ಎರಡು ತುದಿ. ರೋಟರ್ (ತಿರುಗುವ ತಗಡು) ಎಲ್ಲಿಗೂ ಜೋಡಿಸಿಲ್ಲ. ಹೀಗೆ ಸರಣಿಯಲ್ಲಿ ಹಾಕಿದರೆ ಉಜ್ಜುವ ಸಂಪರ್ಕದ ರೋಧ ದಾರಿಯಿಂದಲೇ ಹೊರಗೆ, ವೋಲ್ಟೇಜ್ ಎರಡು ಸಂದುಗಳಿಗೆ ಹಂಚಿಹೋಗುತ್ತದೆ. ನನ್ನ ಲೂಪ್‌ಗೆ 20ರಲ್ಲಿ 50 ಪಿಕೋಫ್ಯಾರಡ್, 40ರಲ್ಲಿ 200 ಹತ್ತಿರ ಬೇಕು, ಎರಡೂ ಸಿಗುತ್ತವೆ. ಐದು ವ್ಯಾಟ್‌ಗೇ ತುದಿಗಳಲ್ಲಿ ಸಾವಿರ ವೋಲ್ಟ್ ದಾಟುತ್ತದೆ, ಗಮನವಿರಲಿ. ಹತ್ತು ವ್ಯಾಟ್‌ಗೆ ಏರಿಸಿದಾಗ ನನ್ನದು ಚಟಚಟ ಅಂದಿತು.

40ರಲ್ಲಿ ಬ್ಯಾಂಡ್‌ವಿಡ್ತ್ ಐದಾರು ಕಿಲೋಹರ್ಟ್ಸ್ ಅಷ್ಟೇ. ಕೈ ಹತ್ತಿರ ತಂದರೂ ಟ್ಯೂನಿಂಗ್ ಜಾರುತ್ತದೆ. ಹಾಗಾಗಿ ಪ್ಲಾಸ್ಟಿಕ್ ದಂಡ, ನಿಧಾನಕ್ಕೆ ತಿರುಗುವ ಗೇರ್ ಮೋಟಾರ್. ಗೇರ್‌ನ ಸಡಿಲಕ್ಕೆ ಮದ್ದೆಂದರೆ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲಿಸುವುದು. ರೇಡಿಯೋದ ಪವರನ್ನು ದೊಡ್ಡ ಲೂಪ್‌ಗೆ ದಾಟಿಸುವ ಸಣ್ಣ ಫೀಡ್ ಲೂಪ್ ವ್ಯಾಸದಲ್ಲಿ ದೊಡ್ಡದರ ಐದನೇ ಒಂದು ಭಾಗ. ಎರಡೂ ಬ್ಯಾಂಡ್‌ಗೆ ಮುಟ್ಟದೆ ಮ್ಯಾಚ್ ಆಗುವಂತೆ ಅದನ್ನು ಹೇಗೆ ಬಗ್ಗಿಸಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸೈಕಲ್ಲಿನ ಅಲ್ಯೂಮಿನಿಯಂ ರಿಮ್ ಒಂದನ್ನು ಕೊಯ್ದು 10 ಮೀಟರ್‌ಗೆ ಹಾಕಿ ನೋಡಿದೆ. ಬೆಸುಗೆ ಹಿಡಿಯದ್ದರಿಂದ ಅಲ್ಲಿ ಬೋಲ್ಟೇ ಗತಿ, ಆದರೂ ದೂರದವರು ಕೇಳುವಂತೆ ಬ್ಯಾಂಡ್ ತೆರೆದ ದಿನ ಚೆನ್ನಾಗಿ ಓಡಿತು. ಮಕ್ಕಳ ಆಟದ ರಿಂಗಿಗೆ ತಾಮ್ರದ ಟೇಪ್ ಸುತ್ತಿದ್ದು ಕೇಳಲಿಕ್ಕಷ್ಟೇ ಲಾಯಕ್ಕು. ಕೇಳುವುದರಲ್ಲಿ ಲೂಪ್‌ಗೆ ಬೇರೆಯದೇ ಗಮ್ಮತ್ತು: ತಿರುಗಿಸಿ ತಿರುಗಿಸಿ ಪಕ್ಕದ ಎಲ್‌ಇಡಿ ದೀಪದ ಗಲಾಟೆಯನ್ನು ಲೂಪ್ ಏನೂ ಹಿಡಿಯದ ಶೂನ್ಯ ದಿಕ್ಕಿಗೆ ತಳ್ಳಿದರೆ ಸಿಗ್ನಲ್ ಮೀಟರ್‌ನಲ್ಲಿ ಎಸ್7 ಇದ್ದದ್ದು ಎಸ್3ಕ್ಕೆ ಇಳಿಯುತ್ತದೆ.

ಬಾಯಿಮಾತು ನಂಬದವರಿಗಾಗಿ ಡಬ್ಲ್ಯೂಎಸ್‌ಪಿಆರ್ ಓಡಿಸಿದೆ, ಸಣ್ಣ ಪವರಿನ ಸಿಗ್ನಲ್ ಎಲ್ಲೆಲ್ಲಿ ಎಷ್ಟು ಕೇಳುತ್ತದೆಂದು ಅಳೆಯುವ ಪ್ರೋಗ್ರಾಂ. ನೊಬೆಲ್ ಪಡೆದ ಖಗೋಳ ವಿಜ್ಞಾನಿ, ಹ್ಯಾಮ್ ಕೂಡ ಆದ ಜೋ ಟೇಲರ್ 2008ರಲ್ಲಿ ಕೊಟ್ಟದ್ದು ಅದು. ಎರಡು ನಿಮಿಷ ಲೂಪ್, ಎರಡು ನಿಮಿಷ ಮಾಮೂಲಿ ತಂತಿ ಆ್ಯಂಟೆನಾ (ಡೈಪೋಲ್), ಹೀಗೆ ರಾತ್ರಿಯಿಡೀ. ನೆನಪಿನಿಂದ ಹೇಳುವುದಾದರೆ 20ರಲ್ಲಿ ಲೂಪ್ ಮೂರು ಡೆಸಿಬಲ್ ಕಡಿಮೆ, 40ರಲ್ಲಿ ಎಂಟು–ಹತ್ತು. ಐದು ವ್ಯಾಟ್‌ನ ಸಿಡಬ್ಲ್ಯೂಗೆ ಅಷ್ಟು ಬಿಟ್ಟುಕೊಟ್ಟರೂ ಉಳಿಯುತ್ತದೆ. ‘ಆಗದು’ ಅಂದದ್ದು ಇದೇ ಮೊದಲಲ್ಲ: ಅಮೆರಿಕದಲ್ಲಿ 1912ರ ರೇಡಿಯೋ ಕಾಯ್ದೆ ಹವ್ಯಾಸಿಗಳನ್ನು 200 ಮೀಟರ್ ತರಂಗಾಂತರದ ಕೆಳಗೆ ತಳ್ಳಿದಾಗಲೂ ಆ ಅಲೆಗಳು ದೂರ ಹೋಗವೆಂದೇ ಎಣಿಕೆ. 1923ರ ನವೆಂಬರ್‌ನಲ್ಲಿ ಫ್ರಾನ್ಸಿನ ಲೆಯಾನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು ನೂರು ಮೀಟರ್‌ನಲ್ಲೇ ಅಟ್ಲಾಂಟಿಕ್ ದಾಟಿ ಮಾತಾಡಿಕೊಂಡರು. ನೆಟ್‌ನಲ್ಲಿ ಯಾರಾದರೂ ನಕ್ಕರೆ ಇದನ್ನೇ ಮೋರ್ಸ್‌ನಲ್ಲಿ ಕೀ ಮಾಡುತ್ತೇನೆ.

ನೂರು ವ್ಯಾಟ್ ಹಾಕಲೇಬೇಕು ಅನ್ನುವವರು ಈ ಗ್ಯಾಂಗ್ ಮುಟ್ಟಬೇಡಿ, ವೋಲ್ಟೇಜ್ ಐದು ಕಿಲೋವೋಲ್ಟ್ ಮೀರುತ್ತದೆ. ಲೂಪ್‌ನ ಪಕ್ಕದಲ್ಲೇ ಕೂತು ಕೀ ಒತ್ತುವುದೂ ಬೇಡ. ಅಗಲ ಸಂದಿನ ಬಟರ್‌ಫ್ಲೈ ಕಂಡೆನ್ಸರ್ ಒಂದನ್ನು ತಗಡು ಕತ್ತರಿಸಿ ಮಾಡುತ್ತಿದ್ದೇನೆ, ಅರ್ಧ ಆಗಿದೆ.